ಚರ್ಚಿನಲ್ಲಿ ಜಾರುಬಂಡೆ, ಕಟ್ಟೆಗೆ ಬೀಗ

ಮಗಳ ಎರಡನೆಯ ಬಾಣಂತನಕ್ಕೆಂದು ಇಂಗ್ಲೆಂಡಿಗೆ ಹೋಗಿದ್ದ ಸಿಸಿಲಿಯಮ್ಮ ಹಾಸನಕ್ಕೆ ಹೊತ್ತು ತಂದ ಸುದ್ದಿಯಲ್ಲಿ ರಾಜಮನೆತನವೂ ಇರಲಿಲ್ಲ, ಹಿಮವೂ ಇರಲಿಲ್ಲ. "ಅಲ್ಲಿ ಭಾನುವಾರ ಬಿಟ್ಟು ಮಂಗಳವಾರವೂ ಚರ್ಚಿಗೆ ಹೋಗುತ್ತಿದ್ದೆ. ಪ್ರಾರ್ಥನೆಗಲ್ಲ, ಆಟಕ್ಕೆ" ಎಂದರು.

"ಈ ವಯಸ್ಸಿನಲ್ಲಿ?" ಎಂದು ಮೇಷ್ಟರು ಗಾಬರಿಯಾದರು.

"ನನಗಲ್ಲ ಮೇಷ್ಟರೇ, ದೊಡ್ಡ ಮೊಮ್ಮಗನಿಗೆ."

ಚರ್ಚಿನ ಸಭಾಂಗಣದ ನೆಲಕ್ಕೆ ಮೆತ್ತನೆಯ ಚಾಪೆ ಹಾಸಿರುತ್ತಾರಂತೆ. ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ ಜಾರುಬಂಡೆ, ಇನ್ನೊಂದರಲ್ಲಿ ಬಣ್ಣದ ಚೆಂಡು ತುಂಬಿದ ತೊಟ್ಟಿ, ಮಧ್ಯೆ ಆಟಿಕೆಯ ಅಡುಗೆಮನೆ. ಬಾಗಿಲಲ್ಲೇ ಶೂ ಬಿಚ್ಚಬೇಕು. ಪಕ್ಕದ ಕೋಣೆಯಲ್ಲಿ ಕಾಫಿ, ಬಿಸ್ಕತ್ತು. ಎಂಬತ್ತರ ಹತ್ತಿರದ ಮುದುಕರೊಬ್ಬರು ಮಡಿಚುವ ಕುರ್ಚಿಯಲ್ಲಿ ಕುಳಿತು ಒಂದೊಂದೇ ಚೆಂಡನ್ನು ಎತ್ತಿಕೊಂಡು, ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು ನೋಡಿ ಪಕ್ಕದ ಬಕೆಟ್ಟಿಗೆ ಹಾಕುತ್ತಿದ್ದರಂತೆ. ಒರೆಸಿದ ಚೆಂಡನ್ನು ಮೊಮ್ಮಗ ಬಕೆಟ್ಟಿನಿಂದ ತೆಗೆದು ನೆಕ್ಕಿ ಮತ್ತೆ ತೊಟ್ಟಿಗೆ ಎಸೆಯುತ್ತಿದ್ದನಂತೆ. ಇಬ್ಬರಿಗೂ ಬೇಸರವೆಂಬುದೇ ಇರಲಿಲ್ಲ.

"ಮಕ್ಕಳ ನಡುವೆ ಹೀಗೆ ಕೆಲಸ ಮಾಡುವವರ ಅಪರಾಧ ದಾಖಲೆಯನ್ನು ಅಲ್ಲಿ ಮೊದಲೇ ಪರಿಶೀಲಿಸುತ್ತಾರೆ" ಎಂದರು ಸಿಸಿಲಿಯಮ್ಮ.

"ಸದ್ಯ, ಇಲ್ಲಿ ಸಮಿತಿಗಳವರಿಗೆ ಆ ನಿಯಮವಿಲ್ಲ" ಎಂದರು ಸಕಲೇಶಪುರದ ಕಡೆ ತೋಟವಿರುವ ಗೌಡರು. "ಬಂದರೆ ಎಷ್ಟೋ ಸಮಿತಿಗಳಿಗೆ ಅಧ್ಯಕ್ಷರೇ ಸಿಗಲಾರರು."

ಆಡಿಟರು ಇಷ್ಟು ಹೊತ್ತು ಸುಮ್ಮನಿದ್ದದ್ದೇ ಹೆಚ್ಚು. "ಇದು ಗಾಳ ಸ್ವಾಮಿ. ಇವತ್ತು ಬಿಸ್ಕತ್ತು, ನಾಳೆ ಬೈಬಲ್ಲು. ಪುಕ್ಕಟೆ ಜಾರುಬಂಡೆ ಯಾರು ಕೊಡುತ್ತಾರೆ?"

ಸಿಸಿಲಿಯಮ್ಮ ಸಿಟ್ಟಾಗಲಿಲ್ಲ. ಭಾನುವಾರದ ಆರಾಧನೆಯ ವೇಳೆಯನ್ನು ಗೋಡೆಗೆ ಅಂಟಿಸಿದ್ದುದು ನಿಜ. ಕೊನೆಯಲ್ಲಿ ಮಕ್ಕಳಿಗೆ ಹೇಳಿಕೊಡುವ ಹಾಡುಗಳಲ್ಲಿ ಒಂದರಲ್ಲಿ ಯೇಸು ಬರುವುದೂ ನಿಜ. ಆದರೆ ಅವರ ಪಕ್ಕದಲ್ಲೇ ಬಾಂಗ್ಲಾದೇಶದ ಮುಸ್ಲಿಂ ಹೆಂಗಸು, ಅವರಾಚೆ ಒಂದಕ್ಷರ ಇಂಗ್ಲಿಷ್ ಬಾರದ ಚೀನಾದ ಅಜ್ಜಿ ಕುಳಿತಿರುತ್ತಿದ್ದರು. ಯಾರ ಜಾತಕವನ್ನೂ ಯಾರೂ ಕೇಳಲಿಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಚರ್ಚಿನವರಿಗೆ ಒಳಗೊಂದು ಆಸೆಯೇ ಇಲ್ಲವೆಂದರೆ ಅದು ಸುಳ್ಳು. ಇಂಗ್ಲೆಂಡಿನಲ್ಲಿ ಭಾನುವಾರ ಚರ್ಚಿಗೆ ಹೋಗುವವರು ದಶಕಗಳಿಂದ ಕಡಿಮೆಯಾಗುತ್ತಿದ್ದಾರೆ; ಕಟ್ಟಡಗಳು ಮಾತ್ರ ಅಷ್ಟೇ ದೊಡ್ಡವು, ಸೂರು ಅಷ್ಟೇ ಸೋರುತ್ತದೆ. ಜನ ಬರಲಿ ಎಂದು ಬಯಸುವುದು ಅಪರಾಧವೇನಲ್ಲ, ಬಯಕೆಯನ್ನು ಮುಚ್ಚಿಡಬಾರದು ಅಷ್ಟೆ. ಪೋರ್ಟ್ಸ್‌ಮೌತ್ ಹತ್ತಿರದ ಒಂದು ಆಂಗ್ಲಿಕನ್ ಚರ್ಚಿನಲ್ಲಿ 2004ರಲ್ಲಿ ಆರಂಭವಾದ 'ಮೆಸ್ಸಿ ಚರ್ಚ್' ಈ ವಿಷಯದಲ್ಲಿ ನೇರ: ಬಣ್ಣ ಬಳಿಯುವುದು, ಕತ್ತರಿಸಿ ಅಂಟಿಸುವುದು, ಒಂದು ಬೈಬಲ್ ಕಥೆ, ಕೊನೆಗೆ ಎಲ್ಲರಿಗೂ ಊಟ. ಬೇರೆ ದೇಶಗಳಿಗೂ ಹಬ್ಬಿದೆ. ಅಲ್ಲಿಗೆ ಹೋಗುವವರಿಗೆ ತಾವು ಎಲ್ಲಿಗೆ ಹೋಗುತ್ತಿದ್ದೇವೆಂದು ಗೊತ್ತಿರುತ್ತದೆ.

ಮೇಷ್ಟರಿಗೆ ಇತಿಹಾಸದ ಎಳೆ ಸಿಕ್ಕಿತು. "1780ರಲ್ಲಿ ಗ್ಲಾಸ್ಟರಿನ ರಾಬರ್ಟ್ ರೈಕ್ಸ್ ಭಾನುವಾರದ ಶಾಲೆ ತೆರೆದಾಗಲೂ ಗೊಣಗಿದವರಿದ್ದರು. ವಾರವೆಲ್ಲ ಕೂಲಿ ಮಾಡುವ ಮಕ್ಕಳಿಗೆ ಬಿಡುವಿದ್ದದ್ದು ಅದೊಂದೇ ದಿನ. ಓದಿಸಿದ್ದು ಬೈಬಲ್ಲೇ ಆದರೂ ಕಲಿತ ಅಕ್ಷರ ಮಕ್ಕಳದ್ದೇ ಆಯಿತಲ್ಲ!"

"ಅಕ್ಷರ ಇರಲಿ, ಕಾಫಿ ಹೇಗಿತ್ತು?" ಗೌಡರಿಗೆ ಅದೇ ಚಿಂತೆ.

ಸಿಸಿಲಿಯಮ್ಮ ತಲೆ ತಗ್ಗಿಸಿದರು. "ಲೋಟಕ್ಕೆ ಒಂದು ಚಮಚ ಇನ್‌ಸ್ಟಂಟ್ ಪುಡಿ, ಮೇಲೆ ಬಿಸಿನೀರು."

"ಹಾಲು?"

"ಫ್ರಿಜ್ಜಿನಿಂದ ನೇರವಾಗಿ, ತಣ್ಣಗೆ."

ಗೌಡರು ಕಣ್ಣು ಮುಚ್ಚಿಕೊಂಡರು. "ಹಜ್‌ನಿಂದ ಮರಳಿದ ಬಾಬಾ ಬುಡನ್ ಏಳು ಬೀಜ ಬಚ್ಚಿಟ್ಟು ತಂದು ಚಂದ್ರದ್ರೋಣದ ಬೆಟ್ಟದಲ್ಲಿ ನೆಟ್ಟರು ಎನ್ನುತ್ತಾರೆ. ದೇವರ ಹೆಸರಿನಲ್ಲಿ ಬಂದ ಬೆಳೆ. ಅದನ್ನು ದೇವರ ಮನೆಯಲ್ಲೇ ಹೀಗೆ ಕೆಡಿಸಿದರೆ ತಪ್ಪೊಪ್ಪಿಗೆಗೆ ಬೇರೆಯೇ ಕೌಂಟರ್ ಇಡಬೇಕಾಗುತ್ತದೆ."

ಎಲ್ಲೆಡೆಯೂ ಹಾಗಿಲ್ಲವೆಂದು ಸಿಸಿಲಿಯಮ್ಮ ಸಮಾಧಾನ ಹೇಳಿದರು. ಹಿಯರ್‌ಫರ್ಡಿನ ಆಲ್ ಸೇಂಟ್ಸ್ ಎಂಬ ಮಧ್ಯಯುಗದ ಚರ್ಚಿನೊಳಗೇ ಕೆಫೆ ಇದೆ. ಲಂಡನ್ನಿನ ಟ್ರಫಾಲ್ಗರ್ ಚೌಕದ ಪಕ್ಕದ ಸೇಂಟ್ ಮಾರ್ಟಿನ್ ಚರ್ಚಿನಲ್ಲಿ ಕೆಫೆ ಇರುವುದು ನೆಲಮಾಳಿಗೆಯಲ್ಲಿ. ಕಾಲಡಿಯಲ್ಲಿ ಹಾಸಿರುವುದು ಹಳೆಯ ಸಮಾಧಿ ಕಲ್ಲುಗಳು. ಅವುಗಳ ಮೇಲೆ ಮೇಜು ಹಾಕಿಕೊಂಡು ಜನ ಕೇಕ್ ತಿನ್ನುತ್ತಾರೆ.

"ನಾವು ಸ್ಮಶಾನದಿಂದ ಬಂದು ಸ್ನಾನ ಮಾಡದೆ ನೀರು ಸಹ ಮುಟ್ಟುವುದಿಲ್ಲ" ಎಂದರು ಮೇಷ್ಟರು.

"ಲಾಭ?" ಎಂದರು ಆಡಿಟರು. ಅವರ ಮುಖದಲ್ಲಿ ಮೊದಲ ಬಾರಿಗೆ ಭಕ್ತಿ ಕಾಣಿಸಿತು. ಲಾಭ ಚರ್ಚಿನ ಕೆಲಸಕ್ಕೇ ಹೋಗುತ್ತದೆಂದು ತಿಳಿದದ್ದೇ ತಡ, ಅಮೆರಿಕಕ್ಕೆ ಹಾರಿದರು. ಅಲ್ಲಿನ ಚರ್ಚುಗಳಿಗೆ ಆದಾಯ ತೆರಿಗೆಯಿಲ್ಲ. ಆದರೆ ಧಾರ್ಮಿಕ ಉದ್ದೇಶಕ್ಕೆ ಸಂಬಂಧವಿಲ್ಲದ ವ್ಯಾಪಾರವನ್ನು ಕಾಯಂ ಆಗಿ ನಡೆಸಿದರೆ ಆ ವರಮಾನಕ್ಕೆ ತೆರಿಗೆ ಬೀಳಬಹುದು. ಈ ತೆರಿಗೆಗೆ 1950ರ ಕಾನೂನು ಮೂಲ; ಚರ್ಚುಗಳಿಗೂ ಅದು ಅನ್ವಯವಾದದ್ದು 1969ರ ಕಾನೂನಿನಿಂದ. ಅದರಲ್ಲೊಂದು ವಿನಾಯಿತಿ: ಬಹುಪಾಲು ಕೆಲಸವನ್ನೆಲ್ಲ ಸಂಬಳವಿಲ್ಲದ ಸ್ವಯಂಸೇವಕರೇ ಮಾಡಿದರೆ ಆ ತೆರಿಗೆ ಇಲ್ಲ. "ಅಂದರೆ ಗೌಡರೇ, ಕಾಫಿ ಮಾಡಲು ಬಾರದವರೇ ಕಾಫಿ ಮಾಡಿದರೆ ಸರಕಾರ ಸುಮ್ಮನಿರುತ್ತದೆ. ರುಚಿ ಬೇಕೆಂದು ಸಂಬಳ ಕೊಟ್ಟು ಭಟ್ಟರನ್ನು ಇಟ್ಟಿರೋ, ನೋಟಿಸು ಬಂದೀತು!"

ನಗು ಮುಗಿದ ಮೇಲೆ ಮಾತು ನಮ್ಮೂರಿಗೇ ಬಂತು. ಬಾರದೆ ಇರುತ್ತದೆಯೇ? ನಮ್ಮ ಹಾಸನಾಂಬೆ ವರ್ಷಕ್ಕೊಮ್ಮೆ, ದೀಪಾವಳಿಯ ಆಸುಪಾಸಿನಲ್ಲಿ ಕೆಲವೇ ದಿನ ಬಾಗಿಲು ತೆರೆಯುತ್ತಾಳೆ. ಲಕ್ಷಗಟ್ಟಲೆ ಜನ ಸಾಲುಗಟ್ಟುತ್ತಾರೆ. ಅವಳಿಗೆ ಜಾರುಬಂಡೆಯ ಹಂಗಿಲ್ಲ. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಚರ್ಚನ್ನು ಹೇಮಾವತಿಯ ಹಿನ್ನೀರು ಮಳೆಗಾಲದಲ್ಲಿ ಅರ್ಧ ಮುಳುಗಿಸುತ್ತದೆ, ಸೂರೇ ಇಲ್ಲ. ಅಲ್ಲಿಗೂ ಜನ ಹೋಗುತ್ತಾರೆ, ಮದುವೆಗೆ ಮುಂಚಿನ ಫೋಟೊ ತೆಗೆಸಿಕೊಳ್ಳುವುದಕ್ಕೆ.

ದೇವರಿಗೆ ಜನ ಸಾಕಷ್ಟಿದ್ದಾರೆ. ಕೂರಲು ಜಾಗವಿಲ್ಲದಿರುವುದು ಎರಡು ವರ್ಷದ ಮಗುವಿನ ತಾಯಿಗೆ. ಜೂನಿನಲ್ಲಿ ಮಳೆ ಹಿಡಿದರೆ ಮಹಾರಾಜ ಪಾರ್ಕಿನ ಉಯ್ಯಾಲೆ ಒದ್ದೆ; ಹೋಟೆಲಿನಲ್ಲಿ ಬೈ ಟೂ ಕಾಫಿಗೆ ಕಾಲು ಗಂಟೆಗಿಂತ ಹೆಚ್ಚು ಕುಳಿತರೆ ಮಾಣಿ ಬಂದು ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಾನೆ. ಮೊದಲು ಗುಡಿಯ ಜಗಲಿ, ಅರಳಿಕಟ್ಟೆ ಇದೇ ಕೆಲಸಕ್ಕೆ ಇದ್ದವು. ಅಜ್ಜಿಯರು ಹೂ ಕಟ್ಟುತ್ತಿದ್ದರು, ಮಕ್ಕಳು ಕಂಬಕಂಬದಾಟ ಆಡುತ್ತಿದ್ದರು, ಸಂಜೆ ಪುಳಿಯೋಗರೆ ಸಿಗುತ್ತಿತ್ತು. ಅದನ್ನು ಯಾರೂ ಗಾಳವೆನ್ನಲಿಲ್ಲ. ನಮ್ಮ ಬಡಾವಣೆಯ ಒಂದು ಗುಡಿಯ ಕಟ್ಟೆಗೆ ಈಗ ಕಬ್ಬಿಣದ ಗ್ರಿಲ್ಲು, ಗ್ರಿಲ್ಲಿಗೆ ಬೀಗ, ಬೀಗದ ಮೇಲೆ ಫಲಕ: 'ಇಲ್ಲಿ ಮಕ್ಕಳು ಆಟವಾಡಬಾರದು.' ಕೆಳಗೆ ಫಲಕದ ದಾನಿಗಳ ಹೆಸರು, ಫಲಕಕ್ಕಿಂತ ದೊಡ್ಡ ಅಕ್ಷರದಲ್ಲಿ.

"ನಾವೇ ಶುರುಮಾಡೋಣ" ಎಂದು ಮೇಷ್ಟರು ಎದ್ದು ನಿಂತರು. ಸಮುದಾಯ ಭವನ ಮದುವೆಯಿಲ್ಲದ ದಿನ ಖಾಲಿಯೇ ಇರುತ್ತದೆ. ಗೌಡರು ಪುಡಿ ಕೊಡುತ್ತೇನೆಂದರು, ಚಿಕೋರಿ ಬೆರೆಸಕೂಡದೆಂಬ ಷರತ್ತಿನ ಮೇಲೆ. ಚಿಕೋರಿಯಿಲ್ಲದ ಕಾಫಿ ಕಾಫಿಯೇ ಅಲ್ಲವೆಂದು ಮೇಷ್ಟರು ಅಲ್ಲಿಯೇ ರಾಜೀನಾಮೆ ಕೊಟ್ಟು, ಐದು ನಿಮಿಷದಲ್ಲಿ ಹಿಂದಕ್ಕೆ ಪಡೆದರು. ಲೆಕ್ಕ ತಾನು ಬರೆಯುತ್ತೇನೆಂದರು ಆಡಿಟರು. ಇನ್ನು ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಗಂಡಸರೆಲ್ಲ ಒಟ್ಟಾಗಿ ಸಿಸಿಲಿಯಮ್ಮನವರ ಕಡೆ ತಿರುಗಿದೆವು.

"ಲೆಕ್ಕ ನಾನು ಬರೆಯುತ್ತೇನೆ" ಎಂದರು ಅವರು. "ಡಯಾಪರ್ ಬದಲಾಯಿಸುವುದನ್ನು ಆಡಿಟರಿಗೆ ಕಲಿಸಿಕೊಡುತ್ತೇನೆ."