ಪ್ರಶ್ನೋತ್ತರ: ಬಳಚು, ಅಬ್ಬಿ ನೀರು ಮತ್ತು ಕರುಳಿನ ಬ್ಯಾಕ್ಟೀರಿಯಾ

ಗುಂಪಿನ ನಿರ್ವಾಹಕರು: ಮಳೆಗಾಲ ಹತ್ತಿರ ಬಂತು. ವಾಂತಿ-ಭೇದಿ ಬಗ್ಗೆ ಗುಂಪಿನಲ್ಲಿ ಪ್ರಶ್ನೆಗಳು ಜಾಸ್ತಿಯಾಗಿವೆ. ನಮ್ಮಲ್ಲೇ ಇರುವ ಕಾರವಾರದ ಸೂಕ್ಷ್ಮಜೀವಿ ವಿಜ್ಞಾನಿ ಮೇಡಂ ಉತ್ತರ ಕೊಡಲು ಒಪ್ಪಿದ್ದಾರೆ. ಮನುಷ್ಯರ ಕರುಳಿಗೆ ರೋಗ ತರುವ ಬ್ಯಾಕ್ಟೀರಿಯಾ ಅಳಿವೆ (ಹೊಳೆ ಸಮುದ್ರ ಸೇರುವ ಜಾಗ) ನೀರಿನಲ್ಲಿ, ಬಳಚು, ಚಿಪ್ಪಿಕಲ್ಲಿನಂಥ ಚಿಪ್ಪಿನ ಜೀವಿಗಳಲ್ಲಿ ಎಷ್ಟಿವೆ, ಹೇಗಿವೆ ಎಂಬುದೇ ಅವರ ಸಂಶೋಧನೆ. ಅವರು ಚಿಕಿತ್ಸೆ ಕೊಡುವ ಡಾಕ್ಟರ್ ಅಲ್ಲ, ಔಷಧದ ಚೀಟಿ ಕೇಳಬೇಡಿ.

ಪ್ರಶ್ನೆ, ಕುಮಟಾದಿಂದ: ಮೇಡಂ, ಹೋದ ತಿಂಗಳು ಮನೆಯಲ್ಲಿ ಬಳಚಿನ ಸುಕ್ಕ ಮಾಡಿದ್ದೆವು. ಮರುದಿನ ಬೆಳಗಿನ ಜಾವ ನಾಲ್ಕು ಜನರಿಗೆ ನೀರಿನಂತೆ ಭೇದಿ, ಹೊಟ್ಟೆ ಹಿಂಡುವ ನೋವು. ಇನ್ನಿಬ್ಬರಿಗೆ ಏನೂ ಆಗಲಿಲ್ಲ. ಅಘನಾಶಿನಿ ಹೊಳೆಯ ನೀರೇ ಕೆಟ್ಟಿದೆ, ಇನ್ನು ಬಳಚು ಮನೆಗೆ ತರಲೇಬೇಡ ಅಂತಿದ್ದಾರೆ ನಮ್ಮ ಅತ್ತೆ. ಹೌದಾ?

ಉತ್ತರ: ಅಕ್ಕಾ, ಬಳಚು ಬಿಡುವುದು ಬೇಡ. ಆದರೆ ಅತ್ತೆಯವರ ಅನುಮಾನ ಸುಳ್ಳಲ್ಲ. ಬಳಚು ನೀರನ್ನು ಸೋಸಿ ತಿನ್ನುವ ಜೀವಿ. ನೀರಿನಲ್ಲಿ ಅಲ್ಲಿ ಇಲ್ಲಿ ಇರುವ ಬ್ಯಾಕ್ಟೀರಿಯಾ ಅದರ ಒಳಗೆ ಬಂದು ಒಟ್ಟಾಗುತ್ತದೆ. ಅದರಲ್ಲಿ ನಾನು ಮುಖ್ಯವಾಗಿ ಹುಡುಕುವುದು ವಿಬ್ರಿಯೊ ಪ್ಯಾರಾಹೀಮೋಲಿಟಿಕಸ್ ಎಂಬುದನ್ನು. ಇದು ಚರಂಡಿಯಿಂದ ಬಂದು ಸೇರಿದ್ದಲ್ಲ. ಉಪ್ಪು ನೀರಿನಲ್ಲೇ ಹುಟ್ಟಿ ಬೆಳೆಯುವಂಥದ್ದು. ಹೊಳೆ ಎಷ್ಟೇ ಸ್ವಚ್ಛ ಇದ್ದರೂ ಇರುತ್ತದೆ, ನೀರು ಬಿಸಿಯಾದ ಹಾಗೆ ಹೆಚ್ಚುತ್ತದೆ. 1950ರಲ್ಲಿ ಜಪಾನಿನ ಒಸಾಕಾದಲ್ಲಿ ಅರೆ ಒಣಗಿಸಿದ ಸಣ್ಣ ಮೀನು ತಿಂದು 272 ಜನ ಕಾಯಿಲೆ ಬಿದ್ದರು, 20 ಜನ ತೀರಿಕೊಂಡರು. ಆಗ ತ್ಸುನೆಸಾಬುರೊ ಫುಜಿನೊ ಇದನ್ನು ಮೊದಲ ಸಲ ಗುರುತಿಸಿದರು.

ಹಾಗಂತ ಹೆದರಬೇಡಿ. ಅಳಿವೆಯಲ್ಲಿರುವ ಈ ವಿಬ್ರಿಯೊಗಳಲ್ಲಿ ಹೆಚ್ಚಿನವು ನಮಗೆ ಏನೂ ಮಾಡುವುದಿಲ್ಲ. ಟಿಡಿಎಚ್, ಟಿಆರ್‌ಎಚ್ ಎಂಬ ವಿಷ ತಯಾರಿಸುವ ಜೀನ್ ಇರುವವೇ ಹೆಚ್ಚಾಗಿ ತೊಂದರೆ ಕೊಡುತ್ತವೆ. ಅವೂ ಲಕ್ಷಗಟ್ಟಲೆ ಹೊಟ್ಟೆಗೆ ಹೋಗಬೇಕು. ಅಷ್ಟೊಂದು ಆಗುವುದು ಸಾಮಾನ್ಯವಾಗಿ ಬಳಚು ನಮ್ಮ ಕೈಗೆ ಬಂದ ಮೇಲೆ. ನಮ್ಮ ಕರಾವಳಿಯ ಸೆಕೆಯಲ್ಲಿ 20 ನಿಮಿಷಕ್ಕೊಮ್ಮೆ ಎರಡರಷ್ಟಾಗುತ್ತದೆ ಅಂತ ಇಟ್ಟುಕೊಳ್ಳಿ. ನಾಲ್ಕು ಗಂಟೆಯಲ್ಲಿ ಒಂದು ಹೋಗಿ ನಾಲ್ಕು ಸಾವಿರ. ಬೇಕಾದ ಹಾಗೆ ಉಪ್ಪು, ಬಿಸಿ, ಆಹಾರ ಸಿಕ್ಕಿದರೆ 10 ನಿಮಿಷಕ್ಕೇ ಎರಡರಷ್ಟಾಗುತ್ತದೆ. ಇಷ್ಟು ಬೇಗ ಬೆಳೆಯುವ ಬ್ಯಾಕ್ಟೀರಿಯಾ ಬೇರೆ ಹುಡುಕಿದರೂ ಸಿಗುವುದು ಕಷ್ಟ.

ಚೆನ್ನಾಗಿ ಬೇಯಿಸಿದರೆ ಇದು ಸಾಯುತ್ತದೆ. ಅದಕ್ಕೇ ಎರಡು ಮಾತು ಕೇಳುತ್ತೇನೆ. ಸುಕ್ಕ ಎಷ್ಟು ಹೊತ್ತು ಬೇಯಿಸಿದಿರಿ? ಏನೂ ಆಗದ ಆ ಇಬ್ಬರು ಊಟದಲ್ಲಿ ಏನನ್ನು ಬಿಟ್ಟರು?

ಕುಮಟಾದ ಅಕ್ಕ: ಕುದಿ ಬಂದ ಮೇಲೂ ಹತ್ತು ನಿಮಿಷ ಒಲೆ ಮೇಲಿತ್ತು ಮೇಡಂ. ಆ ಇಬ್ಬರೂ ಬಳಚು ತಿಂದಿದ್ದಾರೆ. ನೆನಪು ಮಾಡಿಕೊಂಡರೆ, ಸೌತೆಕಾಯಿ ಕೋಸಂಬರಿ ಮಾತ್ರ ಹಾಕಿಸಿಕೊಳ್ಳಲಿಲ್ಲ. ಬಳಚು ಬಿಡಿಸಿದ ಮೆಟ್ಟುಗತ್ತಿಯಲ್ಲೇ ಸೌತೆಕಾಯಿ ಹೆಚ್ಚಿದ್ದು. ನೀರು ಹಾಕಿ ತೊಳೆದಿದ್ದೆ.

ಉತ್ತರ: ಹಾಗಾದರೆ ನನ್ನ ಅನುಮಾನ ಕೋಸಂಬರಿ ಮೇಲೆ. ಹಸಿ ಬಳಚಿನ ಚಿಪ್ಪು ಬಿಡಿಸುವಾಗ ಒಳಗಿನ ನೀರು ಕತ್ತಿ ಮೇಲೆ, ಮಣೆ ಮೇಲೆ, ಬೆರಳ ಸಂದಿಗೆ ಇಳಿಯುತ್ತದೆ. ಕತ್ತಿಯ ಬುಡ ಮಣೆಗೆ ಕೂಡುವ ಜಾಗ ನೋಡಿ, ಅಲ್ಲಿ ಸಣ್ಣ ಸಂದು ಇರುತ್ತದೆ. ಸುಮ್ನೆ ನೀರು ಹೊಯ್ದರೆ ಅಲ್ಲಿದ್ದದ್ದು ಹೋಗುವುದಿಲ್ಲ. ಆಮೇಲೆ ಸೌತೆಕಾಯಿಗೆ ಉಪ್ಪು ಬಿದ್ದು, ಊಟದವರೆಗೆ ಪಾತ್ರೆ ಹೊರಗೇ ಇದ್ದಿರಬೇಕು. ವಿಬ್ರಿಯೊಗೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಖಚಿತವಾಗಿ ಹೇಳಬೇಕಾದರೆ ಔಷಧ ಶುರು ಮಾಡುವ ಮೊದಲೇ ಮಲದ ಸ್ಯಾಂಪಲ್ ತೆಗೆದು ಕಲ್ಚರ್ (ಲ್ಯಾಬಿನಲ್ಲಿ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕಿತ್ತು. ಈಗ ಅದು ಆಗದ ಮಾತು.

ಇನ್ನು ಮೇಲೆ ತರಕಾರಿ ಮೊದಲು ಹೆಚ್ಚಿಬಿಡಿ, ಬಳಚು ಆಮೇಲೆ. ಕತ್ತಿ, ಮಣೆ, ಕೈ ಎಲ್ಲಕ್ಕೂ ಸೋಪು. ಕತ್ತಿಗೆ ಕುದಿಯುವ ನೀರು ಹೊಯ್ದರೆ ಇನ್ನೂ ಒಳ್ಳೆಯದು. ಪೇಟೆಯಲ್ಲಿ ಬೇರೆ ಕೆಲಸ ಎಲ್ಲ ಮುಗಿಸಿ ಕೊನೆಗೆ ಬಳಚು ಕೊಳ್ಳಿ, ಐಸ್ ಹಾಕಿಸಿಕೊಳ್ಳಿ. ಚಿಪ್ಪು ಸಮೇತ ಬೇಯಿಸುವವರು ಬಾಯಿ ಬಿಟ್ಟ ಮೇಲೂ ಐದು ನಿಮಿಷ ಕುದಿಸಿ. ಬಾಯಿ ಬಿಡದ ಚಿಪ್ಪು ಎಸೆದುಬಿಡಿ.

ಪ್ರಶ್ನೆ, ಅಂಕೋಲಾದ ಬಿಎಸ್ಸಿ ವಿದ್ಯಾರ್ಥಿ: ಮೇಡಂ, ಸಾವಿರಾರು ಬ್ಯಾಕ್ಟೀರಿಯಾ ಇರುವಾಗ ರೋಗ ತರುವುದನ್ನು ಮಾತ್ರ ಹೇಗೆ ಹಿಡಿಯುತ್ತೀರಿ?

ಉತ್ತರ: ತಮ್ಮಾ, ಕೇಳಿದ್ದು ಖುಷಿಯಾಯಿತು. ಚಿಪ್ಪನ್ನು ಬ್ರಷ್ ಹಾಕಿ ಉಜ್ಜಿ, ಒಳಗಿನ ಮಾಂಸ ಮತ್ತು ನೀರು ಎರಡನ್ನೂ ಅರೆದು, ಕ್ಷಾರ ಜಾಸ್ತಿ ಇರುವ ಪೆಪ್ಟೋನ್ ನೀರಿಗೆ (ಬ್ಯಾಕ್ಟೀರಿಯಾಗೆ ಆಹಾರ ಇರುವ ದ್ರವ) ಹಾಕುತ್ತೇವೆ. ಬೇರೆ ಬ್ಯಾಕ್ಟೀರಿಯಾಗಳಿಗೆ ಆ ಕ್ಷಾರ ಒಗ್ಗುವುದಿಲ್ಲ, ವಿಬ್ರಿಯೊ ಅದರಲ್ಲಿ ಆರಾಮವಾಗಿ ಬೆಳೆಯುತ್ತದೆ. ಅಲ್ಲಿಂದ ಒಂದು ಗೆರೆ ಟಿಸಿಬಿಎಸ್ ಎಂಬ, ವಿಬ್ರಿಯೊ ಬೆಳೆಸಲೆಂದೇ ಇರುವ ಪ್ಲೇಟಿಗೆ ಎಳೆಯುತ್ತೇವೆ. ಈ ಪ್ಲೇಟು ಕಡು ಹಸಿರು. ಮರುದಿನ ಇನ್‌ಕ್ಯುಬೇಟರ್ ತೆಗೆದರೆ ಕಾಲರಾ ಜಾತಿಯ ವಿಬ್ರಿಯೊ ಹಳದಿ ಚುಕ್ಕೆಗಳಾಗಿರುತ್ತದೆ, ಸುತ್ತಲಿನ ಹಸಿರನ್ನೂ ಹಳದಿ ಮಾಡಿರುತ್ತದೆ. ಯಾಕೆಂದರೆ ಅದು ಸಕ್ಕರೆ ತಿಂದು ಆಮ್ಲ ಬಿಡುತ್ತದೆ. ಪ್ಯಾರಾಹೀಮೋಲಿಟಿಕಸ್ ಆ ಸಕ್ಕರೆ ಮುಟ್ಟುವುದಿಲ್ಲ, ಹಸಿರಾಗೇ ಉಳಿಯುತ್ತದೆ.

ಬಣ್ಣದಿಂದ ಜಾತಿಯ ಅಂದಾಜು ಸಿಗುತ್ತದೆ ಅಷ್ಟೆ. ರೋಗ ತರುತ್ತದೋ ಇಲ್ಲವೋ ಅಂತ ತಿಳಿಯಲು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆಯಲ್ಲಿ ವಿಷದ ಜೀನ್ ಹುಡುಕಬೇಕು. ಒಂದೇ ಜಾತಿ, ನೋಡಲು ಒಂದೇ ಥರ, ಆದರೆ ಒಂದು ನಿರುಪದ್ರವಿ, ಇನ್ನೊಂದು ಆಸ್ಪತ್ರೆಗೆ ಸೇರಿಸುವಂಥದ್ದು. ಕಾಲರಾದಲ್ಲಂತೂ ವಿಷದ ಜೀನ್ ಬ್ಯಾಕ್ಟೀರಿಯಾದ ಮೂಲ ಆಸ್ತಿಯೇ ಅಲ್ಲ. ಬ್ಯಾಕ್ಟೀರಿಯಾಗೇ ತಗಲುವ ಒಂದು ವೈರಸ್ ಅದನ್ನು ಹೊತ್ತು ತಂದಿದ್ದು. ವಾಲ್ಡರ್ ಮತ್ತು ಮೆಕಲಾನೋಸ್ 1996ರಲ್ಲಿ ಇದನ್ನು ತೋರಿಸಿದರು. ನನಗೆ ಈ ಕ್ಷೇತ್ರದ ಹುಚ್ಚು ಹಿಡಿಸಿದ್ದೇ ಇಂಥ ವಿಷಯಗಳು. ನಮ್ಮ ಕರಾವಳಿಯ ಚಿಪ್ಪಿಕಲ್ಲಿನ ವಿಬ್ರಿಯೊ ಬಗ್ಗೆ ಮಂಗಳೂರಿನ ಮೀನುಗಾರಿಕೆ ಕಾಲೇಜಿನವರು ತುಂಬಾ ಕೆಲಸ ಮಾಡಿದ್ದಾರೆ. ಅದನ್ನು ಹುಡುಕಿ ಓದು.

ಪ್ರಶ್ನೆ, ಕಾರವಾರದಿಂದ: ಭೇದಿ ಶುರುವಾದ ಕೂಡಲೇ ನಾವು ಮೆಡಿಕಲ್‌ನಿಂದ ಆಂಟಿಬಯಾಟಿಕ್ ತಂದು ಎರಡು ಮಾತ್ರೆ ನುಂಗುತ್ತೇವೆ. ನಿಂತೂ ಹೋಗುತ್ತದೆ. ತಪ್ಪಾ?

ಉತ್ತರ: ತಪ್ಪು ಅಣ್ಣಾ, ದಯವಿಟ್ಟು ಬಿಡಿ. ಇಂಥ ಭೇದಿ ಬಹಳ ಸಲ ಎರಡು ಮೂರು ದಿನದಲ್ಲಿ ತಾನೇ ನಿಲ್ಲುತ್ತದೆ. ಹೆಸರು ಮಾತ್ರೆಗೆ ಹೋಗುತ್ತದೆ.

ಕರುಳಿನಲ್ಲಿ ನಮ್ಮದೇ ಬ್ಯಾಕ್ಟೀರಿಯಾ ಕೋಟಿ ಕೋಟಿ ಇವೆ. ಕುಮಟಾ ಬಸ್ಸಿನಲ್ಲಿ ಸೀಟೆಲ್ಲ ತುಂಬಿದ ಮೇಲೆ ಹತ್ತಿದವನಿಗೆ ಜಾಗ ಸಿಗುವುದಿಲ್ಲವಲ್ಲ, ಹಾಗೆ ಹೊಸದಾಗಿ ಬಂದ ರೋಗಾಣುವಿಗೆ ಅವು ಜಾಗ ಬಿಡುವುದಿಲ್ಲ. 1950ರ ದಶಕದಲ್ಲಿ ಷಿಕಾಗೊದಲ್ಲಿ ಬಾನ್‌ಹಾಫ್, ಮಿಲ್ಲರ್ ಎಂಬ ಸಂಶೋಧಕರು ಇಲಿಗಳಿಗೆ ಸಾಲ್ಮೊನೆಲ್ಲಾ ಎಂಬ ರೋಗಾಣು ಕೊಟ್ಟು ನೋಡಿದರು. ಸಾಮಾನ್ಯ ಇಲಿಗೆ ಸೋಂಕು ತಗಲಿಸಲು ಸುಮಾರು ಒಂದು ಲಕ್ಷ ಬ್ಯಾಕ್ಟೀರಿಯಾ ಬೇಕಾಯಿತು. ಮೊದಲು ಸ್ಟ್ರೆಪ್ಟೊಮೈಸಿನ್ ಕೊಟ್ಟಿದ್ದ ಇಲಿಗೆ ಹತ್ತಕ್ಕಿಂತ ಕಡಿಮೆ ಸಾಕಾಯಿತು! ಒಂದು ಆಂಟಿಬಯಾಟಿಕ್ ಎಷ್ಟು ದೊಡ್ಡ ಕಾವಲನ್ನು ತೆಗೆದುಬಿಡುತ್ತದೆ ನೋಡಿ. ಟೈಫಾಯಿಡ್‌ಗೆ, ಜೋರಾದ ಕಾಲರಾಕ್ಕೆ, ಕೆಲವು ರಕ್ತಭೇದಿಗೆ ಆಂಟಿಬಯಾಟಿಕ್ ಬೇಕೇ ಬೇಕು. ಯಾರಿಗೆ ಬೇಕು ಅಂತ ಡಾಕ್ಟರ್ ಹೇಳಲಿ.

ಕೂಡಲೇ ಬೇಕಾದದ್ದು ಓಆರ್‌ಎಸ್, ಅಂದರೆ ಉಪ್ಪು-ಸಕ್ಕರೆ ಬೆರೆಸಿ ಕುಡಿಯುವ ನೀರು. ಕೋಲ್ಕತ್ತಾದಲ್ಲಿ ಶಂಭುನಾಥ್ ಡೇ 1959ರಲ್ಲಿ ಒಂದು ದೊಡ್ಡ ಸಂಗತಿ ತೋರಿಸಿದರು. ಕಾಲರಾ ಬ್ಯಾಕ್ಟೀರಿಯಾ ಬೆಳೆಸಿದ ದ್ರವವನ್ನು ಸೋಸಿ, ಬ್ಯಾಕ್ಟೀರಿಯಾ ಒಂದೂ ಇಲ್ಲದ ಹಾಗೆ ಮಾಡಿ, ಮೊಲದ ಕರುಳಿಗೆ ಹಾಕಿದರು. ಆದರೂ ಕರುಳು ನೀರಿನಿಂದ ಉಬ್ಬಿತು. ಅಂದರೆ ನೀರು ಸುರಿಸುವುದು ವಿಷ. ಅದು ಕರುಳಿನ ಗೋಡೆಯನ್ನು ಹರಿಯುವುದಿಲ್ಲ, ಉಪ್ಪು-ನೀರು ಹೊರಗೆ ಹೋಗುವ ದಾರಿಯನ್ನು ತೆರೆದಿಡುತ್ತದೆ ಅಷ್ಟೆ. ಗ್ಲೂಕೋಸ್ ಜೊತೆ ಉಪ್ಪು ಒಳಗೆ ಬರುವ ಇನ್ನೊಂದು ದಾರಿ ಆಗಲೂ ಸರಿಯಾಗೇ ಇರುತ್ತದೆ. ಓಆರ್‌ಎಸ್ ಕೆಲಸ ಮಾಡುವುದು ಅಲ್ಲಿಂದ. 1971ರಲ್ಲಿ ಕಾಲರಾ ಹಬ್ಬಿದ್ದ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಲನೋಬಿಸ್ ಡ್ರಮ್ಮುಗಳಲ್ಲಿ ಈ ನೀರು ತುಂಬಿಸಿ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು.

ಒಂದು ಲೀಟರಿನ ಪ್ಯಾಕೆಟ್ಟಿಗೆ ಒಂದು ಲೀಟರ್ ನೀರು, ಪೂರ್ತಿ ಪ್ಯಾಕೆಟ್. ಲೋಟಕ್ಕೆ ಚಿಟಿಕೆ ಹಾಕುವುದಲ್ಲ. ಪ್ಯಾಕೆಟ್ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಟೀ ಚಮಚದಲ್ಲಿ ಮಟ್ಟವಾಗಿ 6 ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಮಲದಲ್ಲಿ ರಕ್ತ, ಜೋರು ಜ್ವರ, ಮಗು ಮಂಕಾಗುವುದು, ಮೂತ್ರ ನಿಲ್ಲುವುದು ಕಂಡರೆ ಮನೆಯಲ್ಲಿ ಕೂರಬೇಡಿ, ಆಸ್ಪತ್ರೆಗೆ ಹೋಗಿ.

ಪ್ರಶ್ನೆ, ಹೊನ್ನಾವರದಿಂದ: ಮುರುಗಲು, ನಿಂಬೆಹುಳಿ ಹಿಂಡಿದರೆ ಈ ಬ್ಯಾಕ್ಟೀರಿಯಾ ಸಾಯುತ್ತವಾ?

ಉತ್ತರ: ವಿಬ್ರಿಯೊಗೆ ಹುಳಿ ಆಗುವುದಿಲ್ಲ ನಿಜ. ಆದರೆ ಹುಳಿ ನಂಬಿ ಹಸಿಯಾಗಿ ತಿನ್ನಬೇಡಿ, ಕೊಲ್ಲುವುದು ಕುದಿ. ಇನ್ನೊಂದು ಮಾತು. ನಮ್ಮ ಜಠರದ ಆಮ್ಲವೂ ದೊಡ್ಡ ರಕ್ಷಣೆ. ದಿನಾ ಗ್ಯಾಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಆ ರಕ್ಷಣೆ ಕಡಿಮೆ, ಅಂಥವರು ನೀರು-ಊಟದಲ್ಲಿ ಜಾಸ್ತಿ ಜಾಗ್ರತೆ ಮಾಡಬೇಕು.

ಪ್ರಶ್ನೆ, ಶಿರಸಿ ಹತ್ತಿರದ ಹಳ್ಳಿಯಿಂದ: ನಾವು ಮೀನು ತಿನ್ನುವವರಲ್ಲ. ಗುಡ್ಡದಿಂದ ಪೈಪಿನಲ್ಲಿ ಬರುವ ಅಬ್ಬಿ ನೀರು ಕುಡಿಯುತ್ತೇವೆ. ತಲೆತಲಾಂತರದಿಂದ ಕುಡಿದ ನೀರು. ಕುದಿಸಲೇಬೇಕಾ?

ಉತ್ತರ: ಮೊದಲ ಮಳೆಗಳಲ್ಲಿ ಕುದಿಸಲೇಬೇಕು. ಬೆಟ್ಟದಲ್ಲಿ ಬಿದ್ದ ಸಗಣಿ, ಪ್ರಾಣಿಗಳ ಹಿಕ್ಕೆ ಎಲ್ಲ ಆಗಲೇ ತೊಳೆದು ಇಳಿಯುವುದು. ಮೇಲೆ ಊಟೆಯ (ನೀರು ಹುಟ್ಟುವ ಜಾಗ) ಬಾಯಿ ಮುಚ್ಚಿದೆಯಾ, ಟ್ಯಾಂಕಿಗೆ ಮುಚ್ಚಳ ಇದೆಯಾ ನೋಡಿ. ಪಂಚಾಯಿತಿಯಲ್ಲಿ ನೀರು ಪರೀಕ್ಷೆ ಮಾಡುವ ಎಚ್‌ಟುಎಸ್ ಬಾಟಲಿ ಇದ್ದರೆ ಕೇಳಿ. ಗ್ವಾಲಿಯರ್‌ನ ರಕ್ಷಣಾ ಪ್ರಯೋಗಾಲಯದ ಮಂಜಾ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ವಿಧಾನ ಅದು. ಗೆರೆಯವರೆಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಜೊತೆ ಬರುವ ಬ್ಯಾಕ್ಟೀರಿಯಾ ಇದ್ದಲ್ಲಿ ನೀರು ಕಪ್ಪಾಗುತ್ತದೆ. ಕಪ್ಪಾಗಲಿಲ್ಲ ಅಂದರೆ ನೂರಕ್ಕೆ ನೂರು ಶುದ್ಧ ಅಂತಲ್ಲ, ಮಳೆಗಾಲದಲ್ಲಿ ಮತ್ತೆ ಮತ್ತೆ ನೋಡಬೇಕು.

ತಿಳಿ ನೀರಾದರೆ ಸಾವಿರ ಲೀಟರಿಗೆ ಸುಮಾರು 2.5 ಗ್ರಾಂ ಒಳ್ಳೆ ಬ್ಲೀಚಿಂಗ್ ಪೌಡರನ್ನು ಬೇರೆ ಪಾತ್ರೆಯಲ್ಲಿ ಸ್ವಲ್ಪ ನೀರಿಗೆ ಕಲಸಿ, ತಿಳಿಯನ್ನು ಮಾತ್ರ ಟ್ಯಾಂಕಿಗೆ ಹಾಕಿ ಒಂದು ಗಂಟೆ ಬಿಡಿ. ಕೆಂಪು ನೀರಿಗೆ ಇದು ಸರಿಯಾಗಿ ಕೆಲಸ ಮಾಡುವುದಿಲ್ಲ, ಮೊದಲು ಸೋಸಿ ತಿಳಿಯಾಗಿಸಬೇಕು. ಕುಡಿಯುವಷ್ಟು ನೀರು ಚೆನ್ನಾಗಿ ಕುದಿ ಬಂದು ಒಂದು ನಿಮಿಷ ಇದ್ದರೆ ಸಾಕು. ಬಾಟಲಿ ಕಪ್ಪಾದರೆ ಫೋಟೊ ಇಲ್ಲಿ ಹಾಕಿ. ಜೊತೆಗೆ ಊಟೆ, ಪೈಪಿನ ಬಾಯಿ, ಟ್ಯಾಂಕಿನ ಫೋಟೊನೂ ಇರಲಿ. ನೀರು ಎಲ್ಲಿ ಕೆಡುತ್ತಿದೆ ಅಂತ ಒಟ್ಟಿಗೆ ಹುಡುಕೋಣ.