ಪಕ್ಕದ ಶಾಲೆಗೆ ರೇಟಿಂಗ್ 4. ಸೇರಿಸೋದಾ, ಮನೆ ಬದಲಾಯಿಸೋದಾ?

ಎರಡು ಮಕ್ಕಳ ಅಮ್ಮ:
ಅಮೆರಿಕಕ್ಕೆ ಬಂದು ಒಂಬತ್ತು ವರ್ಷ ಆಯ್ತು. ಮಗಳನ್ನು ಈ ಸಲ ಕಿಂಡರ್‌ಗಾರ್ಟನ್‌ಗೆ ಸೇರಿಸಬೇಕು. ಪಬ್ಲಿಕ್ ಶಾಲೆ ಮನೆಯಿಂದ ಐದು ನಿಮಿಷದ ನಡಿಗೆ, ಆದರೆ ಶಾಲೆಗಳಿಗೆ ರೇಟಿಂಗ್ ಕೊಡೋ ಗ್ರೇಟ್‌ಸ್ಕೂಲ್ಸ್ ವೆಬ್‌ಸೈಟಲ್ಲಿ ಅದಕ್ಕೆ 10ಕ್ಕೆ 4. ಅಲ್ಲಿ ಕಪ್ಪು ಜನರ ಮತ್ತು ಲ್ಯಾಟಿನೋ ಮಕ್ಕಳೇ ಜಾಸ್ತಿ. ನಮ್ಮ ಪರಿಚಯದ ಕನ್ನಡದವರೆಲ್ಲ "ಅಯ್ಯೋ, ಆ ಶಾಲೆಗಾ?" ಅಂತಾರೆ, ಒಳಗೆ ಕಾಲಿಟ್ಟು ನೋಡಿದವರು ಮಾತ್ರ ಒಬ್ಬರೂ ಇಲ್ಲ. ರೇಟಿಂಗ್ 9 ಇರುವ ಕಡೆ ಹೋದರೆ ಇದೇ ಅಳತೆಯ ಮನೆಗೆ ಎರಡು ಲಕ್ಷ ಡಾಲರ್ ಹೆಚ್ಚು. ನಮ್ಮನೆಯವರು ಸಾಲ ಮಾಡಿಯಾದರೂ ಹೋಗೋಣ ಅಂತಿದ್ದಾರೆ. ನಿಜ ಹೇಳಿ, ನಾವು ಹೆದರ್ತಾ ಇರೋದು ಶಾಲೆಗಾ, ಅಲ್ಲಿ ಓದೋ ಮಕ್ಕಳಿಗಾ?

ಸಾಲದ ಸರದಾರ:
ಸುಮ್ನೆ ಹೋಗಿಬಿಡಿ. ನಾವೂ ಹೋದ್ವಿ. ಬಣ್ಣದ ಮಾತಲ್ಲ ಇದು, ಓದಿನ ವಾತಾವರಣದ ಮಾತು. ಸಮಾಜ ಸರಿ ಮಾಡೋಕೆ ನನ್ನ ಮಗನನ್ನ ಮುಂದೆ ಬಿಡೋಕಾಗಲ್ಲ.

ಅಂಕಿ ಅಂಶ:
ಆ 4 ಬರುವುದು ಬಹುಪಾಲು ಪರೀಕ್ಷೆಯ ಅಂಕಗಳಿಂದ, ಮತ್ತೆ ಆ ಅಂಕಗಳು ಅಪ್ಪ ಅಮ್ಮನ ಸಂಪಾದನೆ, ಓದಿನ ಜೊತೆಗೇ ಏರಿಳಿಯುತ್ತವೆ. ಮನೆಯಲ್ಲೇ ಓದೋದು ಕಲಿತು ಬಂದ ಮಕ್ಕಳಿದ್ದರೆ ಶಾಲೆ ಕೈಕಟ್ಟಿ ಕೂತರೂ ರೇಟಿಂಗ್ ಚೆನ್ನಾಗೇ ಇರುತ್ತೆ! 2017ರಲ್ಲಿ ಸ್ಟ್ಯಾನ್‌ಫರ್ಡ್ ಯೂನಿವರ್ಸಿಟಿಯ ಪ್ರೊಫೆಸರ್ ಶಾನ್ ರಿಯರ್ಡನ್ ಷಿಕಾಗೋ ಪಬ್ಲಿಕ್ ಶಾಲೆಗಳ ಲೆಕ್ಕ ತೆಗೆದಾಗ, ಮೂರರಿಂದ ಎಂಟನೇ ತರಗತಿವರೆಗಿನ ಐದು ವರ್ಷದಲ್ಲಿ ಅಲ್ಲಿನ ಮಕ್ಕಳು ಆರು ವರ್ಷದಷ್ಟು ಕಲಿತಿದ್ದರು. ಬಡ ಮಕ್ಕಳೇ ಜಾಸ್ತಿ ಇರುವ ಊರಿನ ಶಾಲೆಗಳು ಅವು. ಒಟ್ಟು ರೇಟಿಂಗ್ ಬಿಡಿ, ಅದರ ಕೆಳಗೆ ಮಕ್ಕಳ ಪ್ರಗತಿ ಅಂತ ಬೇರೆ ಅಂಕಿ ಇರುತ್ತೆ, ಅದನ್ನ ನೋಡಿ.

ಹಳೇ ನಕ್ಷೆ:
@ಸಾಲದ ಸರದಾರ, "ವಾತಾವರಣ" ತಾನಾಗಿ ಬಂದದ್ದಲ್ಲ ಸರ್. 1930ರ ದಶಕದಲ್ಲಿ ಸರ್ಕಾರದ ಗೃಹಸಾಲ ಸಂಸ್ಥೆ ಊರುಗಳ ನಕ್ಷೆ ಮಾಡಿಸಿ, ಕಪ್ಪು ಜನರಿದ್ದ ಬೀದಿಗಳಿಗೆ ಹೆಚ್ಚುಕಮ್ಮಿ ಎಲ್ಲ ಕಡೆ ಕೆಂಪು ಬಣ್ಣ ಬಳಿಯಿತು. ಅಲ್ಲಿ ಸಾಲ ಕೊಡೋದು ಅಪಾಯ ಅಂತ ಅರ್ಥ. ಸಾಲ ಇಲ್ಲದೆ ಮನೆಯ ಬೆಲೆ ಏರಲಿಲ್ಲ, ಶಾಲೆಗೆ ಹೋಗುವ ದುಡ್ಡಿನ ದೊಡ್ಡ ಪಾಲು ಮನೆ ತೆರಿಗೆಯದ್ದೇ. 1954ರಲ್ಲಿ ಕಪ್ಪು-ಬಿಳಿ ಮಕ್ಕಳಿಗೆ ಬೇರೆ ಬೇರೆ ಪಬ್ಲಿಕ್ ಶಾಲೆ ತಪ್ಪು ಅಂದ ಬ್ರೌನ್ ತೀರ್ಪು ಬಂತು ನಿಜ, ಆದರೆ 1974ರ ಮಿಲಿಕನ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಡೆಟ್ರಾಯ್ಟ್‌ನ ಮಕ್ಕಳನ್ನ ಸುತ್ತಲಿನ ಬಡಾವಣೆಗಳ ಶಾಲೆಗಳ ಜೊತೆ ಬೆರೆಸೋ ಯೋಜನೆಯನ್ನ 5-4ರಲ್ಲಿ ತಳ್ಳಿಹಾಕಿತು. ಅಂದರೆ ಊರಿನ ಗಡಿ ದಾಟಿ ಮನೆ ಕೊಂಡವನು ಪಾರು. ನಾವು ಈಗ ಕೊಡೋ ಎರಡು ಲಕ್ಷ ಆ ಗಡಿಯ ಟಿಕೆಟ್ಟು.

ಸಾಲದ ಸರದಾರ:
ಇತಿಹಾಸ ಒಪ್ಪಿದೆ ಸರ್. ನಿಮ್ಮ ಮಕ್ಕಳು ಎಲ್ಲಿ ಓದ್ತಾರೆ?

ಹಳೇ ನಕ್ಷೆ:
8 ರೇಟಿಂಗ್ ಶಾಲೆಯಲ್ಲಿ. ಟಿಕೆಟ್ಟು ಕೊಂಡವರಲ್ಲಿ ನಾನೂ ಒಬ್ಬ, ಅದಕ್ಕೇ ಗೊತ್ತು.

ಮೂರನೇ ಬೆಂಚು:
ನನ್ನ ಮಗ ಇಂಥದ್ದೇ ಶಾಲೆಯಲ್ಲಿ ಐದು ವರ್ಷ ಓದಿದ. ಟೀಚರುಗಳು ತುಂಬಾ ಒಳ್ಳೆಯವರು, ಒಬ್ಬರಂತೂ ಅವನ ಉಗ್ಗು ಹೋಗೋವರೆಗೂ ದಿನಾ ಊಟದ ಹೊತ್ತಲ್ಲಿ ಕೂರಿಸಿಕೊಂಡು ಓದಿಸಿದರು. ಗಣಿತದಲ್ಲಿ ಒಂದು ವರ್ಷ ಸುಮ್ನೆ ಕಳೀತು, ಅದೂ ನಿಜ. ನನಗೆ ಬೇಜಾರಾದದ್ದು ಬೇರೆ. ಮೂರನೇ ಕ್ಲಾಸಿಗೆ ಜಾಣ ಮಕ್ಕಳಿಗೆ ಅಂತ "ಗಿಫ್ಟೆಡ್" ಅನ್ನೋ ಬೇರೆ ಸೆಕ್ಷನ್ ಮಾಡಿದರು. ಹೋಗಿ ನೋಡಿದರೆ ಬಿಳಿ ಮಕ್ಕಳು, ನಮ್ಮ ಮಕ್ಕಳು, ಅಷ್ಟೇ. ಇವನ ಜೀವದ ಗೆಳೆಯ, ಲೆಕ್ಕದಲ್ಲಿ ಇವನಿಗಿಂತ ಚುರುಕು, ಪಕ್ಕದ ರೂಮಲ್ಲೇ ಉಳಿದ. ಆ ಸೆಕ್ಷನ್ನಿಗೆ ಸೇರೋ ಪರೀಕ್ಷೆಗೆ ಹೆಸರು ಕೊಡಬೇಕು ಅಂತ ಅವರಮ್ಮನಿಗೆ ಗೊತ್ತೇ ಇರಲಿಲ್ಲ, ನನಗೆ ಗೊತ್ತಿತ್ತು, ನಾನು ಹೇಳಲಿಲ್ಲ. ಮರೆತೆ ಅಂತ ಅಂದುಕೊಂಡಿದ್ದೀನಿ.

ಎರಡು ಮಕ್ಕಳ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಗುರುವಾರ ಶಾಲೆ ನೋಡೋಕೆ ಸಮಯ ತಗೊಂಡಿದ್ದೀನಿ, ನಮ್ಮನೆಯವರೂ ಬರ್ತಾರಂತೆ. @ಮೂರನೇ ಬೆಂಚು, ಆ ಗಿಫ್ಟೆಡ್ ಪರೀಕ್ಷೆ ವಿಷಯ ಯಾರ ಹತ್ರ ಕೇಳಬೇಕು, ಆಫೀಸಲ್ಲಾ, ಪ್ರಿನ್ಸಿಪಾಲರನ್ನೇ ಕೇಳೋದಾ?