ಅಪ್‌ಡೇಟ್: ಕಾರವಾರವೋ ಅಂಕೋಲಾವೋ?

ಯಜಮಾನರಿಗೆ ಅರ್ಗಾದ ಕದಂಬ ನೌಕಾನೆಲೆಗೆ ವರ್ಗವಾಗಿದೆ, ಬಾಡಿಗೆ ಮನೆ ಎಲ್ಲಿ ಹಿಡಿಯೋದು ಅಂತ ಕೇಳಿದ್ದೆ ಅಲ್ವಾ? ಕೊನೆಗೆ ಕಾರವಾರಕ್ಕೇ ಬಂದೆವು. ಅರ್ಗಾ ಇಲ್ಲಿಂದ ಹತ್ತಿರ. ಜಿಲ್ಲಾ ಕೇಂದ್ರ ಬೇರೆ, ಆಸ್ಪತ್ರೆ, ಕಚೇರಿಗೆಲ್ಲ ಅಲೆಯಬೇಕಿಲ್ಲ. ಸಂಜೆಯಾದರೆ ಮಗನಿಗೆ ಟಾಗೋರ್ ಕಡಲತೀರದ ಚಪಲ್ ಯುದ್ಧನೌಕೆಯ ಹತ್ತಿರ ಹೋಗಲೇಬೇಕು. ಮೀನು ಪೇಟೆಯಲ್ಲಿ ಮಾತ್ರ ಸುತ್ತಲೂ ಕೊಂಕಣಿ. ನಾನಿನ್ನೂ ಬೆರಳಲ್ಲೇ ಚೌಕಾಸಿ ಮಾಡುತ್ತಿದ್ದೇನೆ!

ಮನೆಗಾಗಿ ಕಾಳಿ ಹೊಳೆಯಾಚೆಯ ಸದಾಶಿವಗಡವನ್ನೂ ನೋಡಿದೆವು. ಆದರೆ 2024ರಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿದದ್ದು ನೆನಪಾಗಿ, ದಿನಾ ಹೊಳೆ ದಾಟಲು ಯಾಕೋ ಮನಸ್ಸಾಗಲಿಲ್ಲ.

ಅಂಕೋಲಾ ಇಷ್ಟವಾಗಿತ್ತು, ದೂರ ಜಾಸ್ತಿಯಾಯಿತು. ಮೇ ತಿಂಗಳಲ್ಲಿ ಕರಿ ಇಶಾಡ ಮಾವಿಗೆ ಅಲ್ಲಿಗೆ ಹೋಗೇ ಹೋಗುತ್ತೇವೆ.